ಫೋಟೋಶಾಪಿನಲ್ಲಿ ಕಣ್ಣು ಬಿಟ್ಟ ದುರ್ಗೆ

ಗೆಳೆಯರೇ, ಇವತ್ತು ಗಿರಾಕಿಯಿಂದ ಬೈಸಿಕೊಂಡು ಖುಷಿಯಲ್ಲಿ ಮನೆಗೆ ಬಂದಿದ್ದೇನೆ.

ಗಿರಾಕಿ ಅಂದರೆ ಕಾರ್ಕಳದ ಒಬ್ಬ ಶಿಲ್ಪಿ, ಆಚಾರ್ಯರು. ತಿಂಗಳುಗಟ್ಟಲೆ ಉಡುಪಿ, ಮಣಿಪಾಲ ಅಲೆದ ಮೇಲೆ ಸಿಕ್ಕಿದ ಮೊದಲ ವೆಬ್‌ಸೈಟ್ ಕೆಲಸ. ಗೆಳೆಯನ ಲ್ಯಾಪ್‌ಟಾಪ್ ಕೇಳಿ ತಂದು, ಅವರ ಶೆಡ್ಡಿನ ಕಲ್ಲುಹುಡಿಯ ನಡುವೆ ಮುಖಪುಟ ತೋರಿಸಿದೆ. ಅದರಲ್ಲಿ ಅವರೇ ಕೆತ್ತುತ್ತಿರುವ ದುರ್ಗೆಯ ಫೋಟೋ. ಆಚಾರ್ಯರು ಉಳಿ ಕೆಳಗಿಟ್ಟರು.

"ಇದಕ್ಕೆ ಕಣ್ಣು ಇಟ್ಟದ್ದು ಯಾರು?"

"ನಾನೇ. ಖಾಲಿ ಇತ್ತಲ್ವಾ, ಫೋಟೋಶಾಪಿನಲ್ಲಿ ಬರೆದೆ."

"ಎಂತ ಕೆಲಸ ಮಾಡಿದೆ ಮಾರಾಯ. ಕಣ್ಣು ಕೊನೆಗೆ ಇಡುವುದು, ದೇವಸ್ಥಾನದಲ್ಲಿ, ಮುಹೂರ್ತ ನೋಡಿ. ಆ ದಿನ ನಾನು ಉಪವಾಸ ಇರುತ್ತೇನೆ."

ಈ ಕೆಲಸವೂ ಹೋಯಿತು ಅಂದುಕೊಂಡು ಮೂಲೆಯಲ್ಲಿದ್ದ ಮೂರ್ತಿಯತ್ತ ತಿರುಗಿದೆ. ಕಣ್ಣೇ ಇಲ್ಲದೆ ಅದು ನನ್ನನ್ನು ನೋಡುತ್ತಿತ್ತು. ಇಂಥ ಮುಖವನ್ನು ತಿದ್ದಲು ಹೋದ ಮಹಾನುಭಾವ ನಾನು.

"ಕಣ್ಣು ಅಳಿಸು. ಉಳಿದದ್ದು ಚಂದ ಉಂಟು, ಇರಲಿ," ಅಂದರು. ಆಮೇಲೆ ಗಂಭೀರವಾಗಿ ಕೇಳಿದರು, "ಕಣ್ಣು ಬಿಟ್ಟ ದೇವಿಗೆ ನಾವು ಮೊದಲು ಕನ್ನಡಿ ತೋರಿಸುತ್ತೇವೆ. ನೀನು ಎಂತ ತೋರಿಸಿದೆ?"

ನಾನು ತಲೆ ತಗ್ಗಿಸಿ ಕಣ್ಣು ಅಳಿಸತೊಡಗಿದೆ. ದೇವಿ ಮೊದಲು ಕಂಡದ್ದು, ಬನಿಯನ್ನಿನಲ್ಲಿ ಕೂತು ಬನ್ಸ್ ತಿನ್ನುತ್ತಿದ್ದ ಒಬ್ಬ ನಿರುದ್ಯೋಗಿಯನ್ನು.

ಅವಳಿಗೂ ಪಾಪ ಅನ್ನಿಸಿರಬೇಕು. ಹೊರಡುವಾಗ ಆಚಾರ್ಯರು, ಕಾಪುವಿನಲ್ಲಿರುವ ತಮ್ಮ ಭಾವನಿಗೂ ಒಂದು ವೆಬ್‌ಸೈಟ್ ಬೇಕಂತೆ ಅಂದರು.