ಬಸಕ್ಕ ಬೆನ್ನು ತಿರುಗಿಸಿ ಕುಳಿತ ಮೇಲೆ

ಚಂದಾಪುರದ ಹಿಂಬೀದಿಯ ವಠಾರಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಾರ್ಮೆಂಟ್ಸ್ ವ್ಯಾನು ತಿರುವಿನಲ್ಲಿ ನಿಂತು ಹಾರ್ನ್ ಬಾರಿಸುತ್ತಿದೆ. ಬಸಕ್ಕನ ಬಾಗಿಲಲ್ಲಿ ತಾಯಂದಿರ ನೂಕುನುಗ್ಗಲು. ಒಂದು ಕೂಸು ಬಸಕ್ಕನ ಬಲ ಸೊಂಟದಲ್ಲಿ, ಇನ್ನೊಂದು ಎಡದಲ್ಲಿ, ಮೂರನೆಯದು ಸೆರಗು ಹಿಡಿದು ಜಗ್ಗುತ್ತಿದೆ. “ಹೋಗ್ರವ್ವಾ, ಹೊಳ್ಳಿ ನೋಡಬ್ಯಾಡ್ರಿ. ನೋಡಿದ್ರ ಇವು ರಾಗ ತಗೀತಾವ,” ಎಂದು ಎಲ್ಲರನ್ನೂ ಅಟ್ಟುತ್ತಾರೆ.

ಬಸಕ್ಕ ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಗಂಡ ತೀರಿಕೊಂಡರು, ಮಂಡಿ ಕೈಕೊಟ್ಟಿತು. ತಲೆಯ ಮೇಲಿನ ಬುಟ್ಟಿ ಇಳಿಸಿ, ದುಡಿಯುವ ಹೆಣ್ಣುಮಕ್ಕಳ ಕೂಸುಗಳನ್ನು ಎತ್ತಿಕೊಂಡರು. ಈಗ ಅವರ ಒಂದೇ ಕೋಣೆಯಲ್ಲಿ ಹಗಲೆಲ್ಲ ಏಳೆಂಟು ಮಕ್ಕಳು. ಗಂಜಿ ಕುಡಿಸಬೇಕು, ತೊಳೆಸಬೇಕು, ಜಗಳ ಬಿಡಿಸಬೇಕು.

ವಠಾರದ ತುಂಬ ಅವರ ಊರಿನ ಸುತ್ತಮುತ್ತಲಿನವರೇ. ಎಲ್ಲರಿಗೂ ಅವರು ದೊಡ್ಡವ್ವ. ಎದುರಾದರೆ ಗಂಡಸರು ಮಡಚಿದ ಲುಂಗಿ ಇಳಿಸಿ ತಲೆ ತಗ್ಗಿಸುತ್ತಾರೆ. ಅವರ ಮುಂದೆ ಬೀಡಿ ಸೇದುವುದಂತೂ ಉಂಟೇ!

ಹೋದ ವರ್ಷ ಆ ಮರ್ಯಾದೆಯೇ ಮುಳುವಾಗಿತ್ತು. ಬಸಕ್ಕ ಬಾಗಿಲಲ್ಲಿ ಹಾಸಿದ ಚಾಪೆ ಬಿಟ್ಟು ಕದಲುವವರಲ್ಲ. ಅವರ ಕಣ್ಣಿಗೆ ಬೀಳಬಾರದೆಂದು ರಾತ್ರಿಪಾಳಿ ಮುಗಿಸಿ ಬಂದವರು ಕೋಣೆಯ ಚಿಲಕ ಹಾಕಿಕೊಂಡು ಬೀಡಿ ಹಚ್ಚುತ್ತಿದ್ದರು. ಶೀಟಿನ ಮಾಡಿನ ಆ ಕೋಣೆಗಳಲ್ಲಿ ನಡುವಿನ ಗೋಡೆ ಮಾಡನ್ನು ಮುಟ್ಟುವುದಿಲ್ಲ. ಒಬ್ಬ ಸೇದಿದರೆ ಸಾಲಿಗೆಲ್ಲ ಹೊಗೆ. ಪಕ್ಕದ ಕೋಣೆಯ ಮುತ್ತಣ್ಣನ ಹೊಗೆ ನೇರವಾಗಿ ಬಸಕ್ಕನ ಮಕ್ಕಳ ಮೇಲೆ ಇಳಿಯುತ್ತಿತ್ತು. ಆ ಮಕ್ಕಳಲ್ಲಿ ಅವನ ಮಗಳು ಶಿವಲೀಲಾಳೂ ಒಬ್ಬಳು.

ಆ ಕೂಸಿಗೆ ಉಬ್ಬಸ. ಡಾಕ್ಟರು “ಮನೇಲಿ ಯಾರು ಸೇದ್ತೀರಾ?” ಎಂದು ಗದರಿದಾಗ ಮುತ್ತಣ್ಣ ಮಗಳ ಮುಂದೆ ಒಂದು ದಿನವೂ ಸೇದಿಲ್ಲವೆಂದು ಆಣೆ ಮಾಡಿದ. ಪಾಪ, ಅದು ಸುಳ್ಳೂ ಅಲ್ಲ. ಅವನ ಹೆಂಡತಿ ಸವಿತಾ ಕೆಲಸ ಬಿಟ್ಟು ಕೂಸನ್ನು ಊರಿಗೆ ಒಯ್ಯಲು ಬಟ್ಟೆ ಕಟ್ಟಿದಳು. “ಆಕಿ ಗಂಟು ಕಟ್ಟೂದು ನೋಡಿ, ಎರಡು ದಿನ ತಡಿಯವ್ವಾ ಅಂದ್ನಿರೀ,” ಎನ್ನುತ್ತಾರೆ ಬಸಕ್ಕ.

ಅಂದು ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ತಾವೂ ಅಡ್ಡಾಗಿದ್ದರು. ಶೀಟಿನ ತೂತಿನಿಂದ ಬಿಸಿಲುಕೋಲು ಬಿದ್ದಿತ್ತು. ಗೋಡೆಯ ಮೇಲಿಂದ ಹೊಗೆ ಸುರುಳಿಸುರುಳಿಯಾಗಿ ಆ ಬಿಸಿಲಿಗೆ ಬರುತ್ತಿತ್ತು. ಬಸಕ್ಕ ಎದ್ದವರೇ ಮುತ್ತಣ್ಣನ ಬಾಗಿಲು ಬಡಿದರು.

“ನನಗ ಮರ್ಯಾದಿ ಕೊಡಾಕ ಹೋಗಿ ಮಗಳ ಉಸಿರು ತಗೀತೀಯೇನೋ? ಹೊರಗ ಬಂದು ಸೇದು!”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅಂತಾರಲ್ಲ, ಬಸಕ್ಕ ಹುಡುಕಿದ ದಾರಿ ಹಾಗಿತ್ತು. ಸಂಜೆ ಗಂಡಸರನ್ನೆಲ್ಲ ಕರೆದು ವಠಾರದ ಎದುರಿನ ಖಾಲಿ ಸೈಟಿನ ಆಚೆ ತುದಿಯ ಹೊಂಗೆಮರ ತೋರಿಸಿದರು. ಸೇದುವುದಿದ್ದರೆ ಅಲ್ಲೇ. ತಾವು ಮರಕ್ಕೆ ಬೆನ್ನು ಹಾಕಿ ಕೂರುವುದಾಗಿ ಮಾತು ಕೊಟ್ಟರು. ಅಂದಿನಿಂದ ಅವರ ಚಾಪೆಯ ದಿಕ್ಕೇ ಬದಲಾಗಿದೆ.

“ಮೊದಮೊದಲು ಮರದ ಹಿಂದ ನಿಂತು ಸೇದ್ತಿದ್ನಿರೀ,” ಎಂದು ಮುತ್ತಣ್ಣ ನಗುತ್ತಾನೆ. “ದೊಡ್ಡವ್ವನ ಬೆನ್ನು ನೋಡ್ಕೋಂತ ಸೇದೂದಂದ್ರ ರುಚೀನ ಹತ್ತಂಗಿಲ್ಲ. ಈಗ ದಿನಕ್ಕ ಒಂದಕ್ಕ ಬಂದೀನಿ.”

ವಠಾರದ ಯಜಮಾನ ಚಿಕ್ಕಬೈರಪ್ಪನೂ ಈಗ ಬೀಡಿ ಹಿಡಿದು ಮರದಡಿಗೇ ನಡೆಯುತ್ತಾನೆ. “ಬಾಡ್ಗೆಗೆ ಬರೋರ್ಗೂ ಮೊದ್ಲೇ ಯೋಳ್ಬುಡ್ತೀನಿ ಸಾರ್, ರೂಮೊಳ್ಗೆ ಬೀಡಿ ಅಚ್ಚಂಗಿಲ್ಲ ಅಂತ,” ಎನ್ನುವಾಗ ಅವನ ದನಿಯಲ್ಲಿ ಕಾನೂನು ಬರೆದವನ ಠೀವಿ.

ಸವಿತಾ ಕಟ್ಟಿದ ಗಂಟು ಬಿಚ್ಚಿ ವರ್ಷವಾಯಿತು. ಇವತ್ತೂ ಅವಳು ಓಡಿ ವ್ಯಾನು ಹತ್ತಿದ್ದಾಳೆ. ಅಮ್ಮ ಹೋದದ್ದು ಶಿವಲೀಲಾಗೆ ಈಗ ಹೊಳೆದಿದೆ. ಬಾಯಿ ತೆರೆದು ಶೀಟು ಹಾರಿಹೋಗುವ ಹಾಗೆ ಕಿರುಚುತ್ತಾಳೆ. ಚಿಕ್ಕಬೈರಪ್ಪ ಕಿವಿ ಮುಚ್ಚಿಕೊಂಡು, “ಅಯ್ಯೋ, ಸುಮ್ನಿರ್ಸಮ್ಮೋ!” ಎಂದು ಕೂಗುತ್ತಾನೆ.

ಬಸಕ್ಕ ಅವಳನ್ನು ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ಮುಖದ ತುಂಬ ನಗು.

“ಅಳ್ಳಿ ಬಿಡ್ರೀ. ಹೋದ ವರ್ಷ ಇದಕ್ಕ ಅಳಾಕೂ ಉಸಿರು ಸಾಲ್ತಿದ್ದಿಲ್ಲ.”