‘ಆತು’ ಎಂಬ ಉತ್ತರ

2004ರ ಜುಲೈನಲ್ಲಿ, ಹೊನ್ನಾವರದ ಮಹಿಳಾ ಸಹಾಯ ಕೇಂದ್ರವೊಂದರ ಕಂಪ್ಯೂಟರಿನಲ್ಲಿ, ನನ್ನ ಅತ್ತಿಗೆ ಯಮುನಾಳ ದೂರಿನ ಮುಂದೆ ನಾನು ‘ರಾಜಿ’ ಎಂದು ದಾಖಲಿಸಿದೆ. ರಾಜಿ ಆಗಿರಲಿಲ್ಲ. ಅದು ನನಗೆ ಗೊತ್ತಿತ್ತು. ಕೈತಪ್ಪಿ ಆದದ್ದಲ್ಲ.

ಆ ವರ್ಷ ಕೇಂದ್ರದ ಹಳೆಯ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದ್ದರು. ಅದಕ್ಕೆ ಮೊದಲು ನಾನು ಕುಮಟಾದ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದೆ. ಬೆರಳಚ್ಚು ಬರುತ್ತಿತ್ತು, ಕೆಲಸ ಸಿಕ್ಕಿತು. ಮದುವೆಯಾಗಿ ಭಟ್ಕಳ ಸೇರಿದ ಮೇಲೆ ನನ್ನ ಅಡ್ಡಹೆಸರು ಬದಲಾಗಿತ್ತು. ಯಮುನಾ ದೂರು ಕೊಟ್ಟಿದ್ದು ನನ್ನ ಅಣ್ಣನ ಮೇಲೆ ಎಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ.

ಅಣ್ಣ ಅವಳಿಗೆ ಹೊಡೆಯುತ್ತಿದ್ದ. ಇದು ಆರೋಪವಲ್ಲ, ನಾನೇ ಕಂಡದ್ದು. ಅವಳು ತವರೂರು ಮಾವಳ್ಳಿಗೆ ಹೊರಟ ದಿನ, ನಾಲ್ಕು ವರ್ಷದ ಮಗಳನ್ನು ಅವನು ಒಳಗೆ ಕೂಡಿಹಾಕಿದ್ದ. ಅಂಗಳದಲ್ಲಿ ನೆರೆಯವರೆಲ್ಲ ನಿಂತಿರುವಾಗ ಯಮುನಾ ನನ್ನ ತಾಯಿಯ ಕಡೆ ತಿರುಗಿದಳು.

“ನಿಮ್ಮ ಮಗ ಹೊಸತು ಎಂತ ಮಾಡ್ಲಿಲ್ಲ ಅತ್ತೆ. ಮಾವ ನಿಮ್ಮ ಬೆನ್ನ ಮೇಲೆ ಬರೆದದ್ದನ್ನ ಓದಿ ಕಲ್ತದ್ದು.”

ತಾಯಿ ಸೆರಗನ್ನು ಬೆನ್ನಿನ ಮೇಲೆ ಎಳೆದುಕೊಂಡರು. ಮನೆಯೊಳಗೆ ನಾವು ಮಕ್ಕಳೂ ಎಂದೂ ಬಾಯಿಬಿಡದ ಸಂಗತಿ ಅದು. ಸುಳ್ಳಾಗಿದ್ದರೆ ಮರೆತುಬಿಡುತ್ತಿದ್ದೆನೇನೋ. ನಿಜವಾಗಿತ್ತು — ಅದಕ್ಕೇ ಕಾದೆ.

ಎಂಟು ತಿಂಗಳು. ನಂತರ ಅವಳ ಕಡತ ನನ್ನ ಮೇಜಿಗೇ ಬಂತು. ಅವಳ ಹೇಳಿಕೆ ಪಡೆದಿದ್ದ ಸಮಾಲೋಚಕಿ ಒಂದಕ್ಷರವನ್ನೂ ತಿದ್ದದೆ ಬರೆದಿಟ್ಟಿದ್ದರು. ಪ್ರಶ್ನೆ: ಗಂಡನ ಮನೆಗೆ ಹೋಗುತ್ತೀಯಾ? ಉತ್ತರ: “ನಂಗೆ ಆತು.” ಹಾಳೆಯ ಹಿಂಬದಿಯಲ್ಲಿ ಮುಂದಿನ ವಾಕ್ಯ: “ಹುಡ್ಗಿನ ಮಾತ್ರ ಕೊಡ್ಸಿ.”

ನಮ್ಮ ಕಡೆ ‘ಆತು’ ಎಂದರೆ ಆಗಲಿ ಎಂದೂ ಹೌದು, ಮುಗಿಯಿತು ಎಂದೂ ಹೌದು. ಯಾವುದು ಯಾವಾಗ ಎಂದು ಇಲ್ಲಿ ಹುಟ್ಟಿದವರಿಗೆ ವಿವರಿಸಬೇಕಿಲ್ಲ. ‘ನಂಗೆ ಆತು’ ಅಂದರೆ ಸಾಕಾಯಿತು, ಇನ್ನಾಗದು. ಕಾಗದದಲ್ಲಿ ಅವಳ ಮಾತಿಗೆ ಜಾಗವಿತ್ತು. ಕಂಪ್ಯೂಟರಿನಲ್ಲಿ ಇದ್ದದ್ದು ಒಂದು ಚೌಕ, ಆರಿಸಲು ಮೂರೇ ಉತ್ತರ — ರಾಜಿ, ನ್ಯಾಯಾಲಯ, ದೂರು ವಾಪಸು.

ಪರಿಶೀಲನೆಗೆ ಬಂದ ಅಧಿಕಾರಿ ಮೈಸೂರು ಕಡೆಯವರು. ಆ ಸಾಲಿನ ಮೇಲೆ ಬೆರಳಿಟ್ಟರು.

“ಈ ಆತು ಅಂದ್ರೆ ಏನಮ್ಮ?”

“ಆಗ್ಲಿ ಅಂತ, ಸರ್. ಒಪ್ಪಿದ್ದಾಳೆ.”

“ಸದ್ಯ! ನಿಮ್ಮೂರ ಕನ್ನಡಕ್ಕೊಬ್ಬ ದುಭಾಷಿ ಬೇಕು ಕಣಮ್ಮ.”

ನಕ್ಕರು. ನಾನೂ ನಕ್ಕೆ. ಹಾಳೆ ತಿರುಗಿಸಿ ತೋರಿಸಲಿಲ್ಲ.

ಆ ಸಂಜೆ ಭಟ್ಕಳದ ಬಸ್ಸಿನಲ್ಲಿ — ಹೇಳಿಬಿಡುತ್ತೇನೆ — ನನಗೆ ಖುಷಿಯಾಗಿತ್ತು. ಹಸಿದವಳು ಹೊಟ್ಟೆತುಂಬ ಉಂಡಂಥ ಖುಷಿ. ಈಗ ಮಾತಾಡು ನೋಡೋಣ, ಎಂದು ಮನಸ್ಸಿನಲ್ಲೇ ಅವಳಿಗೆ ಹೇಳಿದೆ. ಒಂದು ಸಲವಲ್ಲ.

ಕಾಗದದ ಕಡತಗಳನ್ನು ಕಟ್ಟುಕಟ್ಟಿ ಹಿಂದಿನ ಕೋಣೆಗೆ ಎಸೆದರು. ಮಳೆಗಾಲ ಮುಗಿಯುವಷ್ಟರಲ್ಲಿ ಗೆದ್ದಲು ತಿಂದಿತ್ತು. ಮರುವರ್ಷ ಯಮುನಾ ಮಗಳಿಗಾಗಿ ಕೋರ್ಟಿಗೆ ಹೋದಾಗ ಅಣ್ಣನ ವಕೀಲರು ಕಂಪ್ಯೂಟರಿನಿಂದ ತೆಗೆಸಿದ ಹಾಳೆ ತೋರಿಸಿದರು: ಮನೆಗೆ ಬರಲು ಒಪ್ಪಿ, ಆಮೇಲೂ ಬಾರದವಳು, ಮಗು ಬೇಡವಾದವಳು. “ನಾ ಹಂಗೆ ಹೇಳಿದ್ದಲ್ಲ” ಎಂದು ಅವಳು ಹೇಳಿದಳಂತೆ. ಮೂಲ ಹಾಳೆ ಸಿಗಲಿಲ್ಲ. ಮಗಳು ಅಣ್ಣನಲ್ಲೇ ಉಳಿದಳು.

ಅಣ್ಣ ಇನ್ನೊಂದು ಮದುವೆಯಾದ. ಆ ಹೆಂಗಸಿನ ತೋಳಿನ ಮೇಲೆ ನೀಲಿಗಟ್ಟಿದ್ದನ್ನು ಕಂಡ ದಿನ, ಹಿಂದೆ ಯಮುನಾ ಅಂಗಳದಲ್ಲಿ ಹೇಳಿದ್ದು ನೆನಪಾಗಿ — ಇಲ್ಲ, ಅದನ್ನು ನೆಪ ಮಾಡಿಕೊಳ್ಳಲಾರೆ. ಅದಾದ ಮೇಲೂ ಒಂದು ವರ್ಷ ಸುಮ್ಮನಿದ್ದೆ.

2009ರಲ್ಲಿ ಮಾವಳ್ಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಮಲ್ಲಿಗೆ ಕಟ್ಟುತ್ತಿದ್ದ ಯಮುನಾ ಕೈ ನಿಲ್ಲಿಸಲಿಲ್ಲ.

“ಈಗೆಂತಕೆ ಬಂದೆ? ಹೊಟ್ಟೆ ತಂಪಾಗ್ಲಿಲ್ವನೇ ಇನ್ನೂ?”

“ಕೋರ್ಟಲ್ಲಿ ಹೇಳ್ತೆ, ಅತ್ತಿಗೆ.”

“ಹೇಳು. ಹೇಳೂದೇ ಸೈ. ಆದ್ರೆ ನಿನ್ನ ಅಣ್ಣನ್ನ ಬಿಟ್ರೂ ನಾ ನಿನ್ನ ಬಿಡೂದಿಲ್ಲ.”

ಅವಳ ವಕೀಲರ ಮುಂದೆ ಹೇಳಿಕೆ ಬರೆದು ಸಹಿ ಹಾಕಿದ್ದೇನೆ. ನನ್ನ ಮೇಲೂ ಅವಳು ದೂರು ಕೊಟ್ಟಿದ್ದಾಳೆ. ಹುಡುಗಿಗೆ ಈಗ ಹತ್ತು ವರ್ಷ. ಮೊದಲ ವಿಚಾರಣೆಯ ದಿನ ನ್ಯಾಯಾಧೀಶರು ಅವಳಿಗೆ ಯಮುನಾಳನ್ನು ತೋರಿಸಿ, ಇವರು ಯಾರು ಎಂದು ಕೇಳಿದರು. ಗೊತ್ತಿಲ್ಲ ಎಂದಳು.