ಸೋಮವಾರದ ನೊಗ

ಸೋಮವಾರ ಎತ್ತಿನ ಕತ್ತಿಗೆ ನೊಗ ಇಡಬಾರದು. ಚೇಳೂರಿನ ಹತ್ತಿರದ ನನ್ನ ಗಂಡನ ಮನೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಹಾಲು ಕುಡಿಯುವಾಗಲೇ ಬಂದುಬಿಡುತ್ತದೆ. ಎತ್ತು ಅಂದರೆ ಬಸವಣ್ಣ, ಸೋಮವಾರ ಅವನ ವಾರ. ಹೊಲದ ಹದ ಆರಿಹೋದರೂ ಸರಿ, ಅವತ್ತು ಅವನನ್ನು ದುಡಿಸುವಂತಿಲ್ಲ. ಅಂಥ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ಗಂಡ ಒಂದು ಸೋಮವಾರ ಬೆಳಿಗ್ಗೆ ಅಣ್ಣನ ಎತ್ತುಗಳನ್ನು ಹೂಡಿಬಿಟ್ಟರು.

ನಾವಿರುವುದು ತುಮಕೂರಿನಲ್ಲಿ. ಅವರು ಕುಣಿಗಲ್ಲಿನ ಒಂದು ಬ್ಯಾಂಕಿನಲ್ಲಿ ಮ್ಯಾನೇಜರು, ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಬೆಳಿಗ್ಗೆ ಅವರು ಬಸ್ಸು, ನಾನು ರೈಲು. ಸಂಜೆ ಅವರು ಮನೆಗೆ ಬರುತ್ತಿದ್ದರು ಅಂದುಕೊಳ್ಳಬೇಡಿ, ಬರೀ ಮೈ ಬರುತ್ತಿತ್ತು. ತಟ್ಟೆಯ ಪಕ್ಕದಲ್ಲಿ ಫೋನು, ಫೋನಿನೊಳಗೆ ಅವರ ಮೇಲಿನವನು. ಟಾರ್ಗೆಟ್ಟು, ರಿವ್ಯೂ, ಮತ್ತೆ ಟಾರ್ಗೆಟ್ಟು. ಸಾರಿಗೆ ಉಪ್ಪು ಹಾಕಿಲ್ಲ ಅನ್ನುವುದೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಬೇಕೆಂದೇ ಉಪ್ಪು ಬಿಟ್ಟು ನೋಡಿದ್ದೆ, ಗಪ್‌ಚಿಪ್ಪಾಗಿ ಉಂಡು ಎದ್ದುಹೋದರು.

ಆಮೇಲೊಂದು ಬೆಳಿಗ್ಗೆ ಹುಲಿಯೂರುದುರ್ಗದಿಂದ ಫೋನು ಮಾಡಿದರು. ಕುಣಿಗಲ್ಲಿನಲ್ಲಿ ಇಳಿಯಬೇಕಾದವರು ಅಲ್ಲಿಗೆ ಯಾಕೆ ಹೋದರು? ನಿದ್ದೆ ಮಾಡಿದಿರಾ ಎಂದು ಕೇಳಿದೆ. "ಇಲ್ಲ ಕಣೇ, ಎಚ್ಚರವಾಗೇ ಇದ್ದೆ. ಕುಣಿಗಲ್ ಬಸ್‌ಸ್ಟ್ಯಾಂಡ್ ನೋಡ್ದೆ. ಇಳೀಬೇಕು ಅಂತ ಅನ್ನಿಸ್ಲೇ ಇಲ್ಲ." ಕಿವಿ ಹಿಡಿದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಿ.ಪಿ. ನೋಡಿದ ಡಾಕ್ಟರು, "ಇಷ್ಟು ದಿನ ಬಂದಿರೋದು ಸುಸ್ತು. ರೆಸ್ಟ್ ತಗೊಳ್ದೇ ಹೀಗೇ ಹೋದ್ರೆ ಮುಂದೆ ಬರೋದಕ್ಕೆ ನಾನು ಜವಾಬ್ದಾರನಲ್ಲ" ಎಂದರು. ಹೊರಗೆ ಬಂದು ರಜೆ ಹಾಕಿ ಎಂದು ಜಗಳ ತೆಗೆದರೆ ಈ ಮನುಷ್ಯ ನಕ್ಕುಬಿಡುವುದೇ! "ನಮ್ಮಲ್ಲಿ ರಜ ಸಿಗ್ಬೇಕಂದ್ರೆ ಯಾರಾದ್ರೂ ಸಾಯ್ಬೇಕು ಕಣೇ. ನಮ್ಮಪ್ಪ ಆಗ್ಲೇ ಹೋಗ್ಬಿಟ್ಟಿದಾರೆ, ಆ ರಜ ಮುಗೀತು" ಎಂದರು. ನನಗೆ ನಗು ಬರಲಿಲ್ಲ. ಹಾಳಾದ ತಮಾಷೆ.

ಯಾವುದೋ ಜಯಂತಿಯ ರಜೆ ಬಂತು. ಹಿಂದಿನ ದಿನ ನಾನು ಗುಬ್ಬಿಯ ಬೀದಿಬೀದಿ ಸುತ್ತಿ ಮನೆಮನೆ ಸಮೀಕ್ಷೆ ಮಾಡಿದ್ದೆ. ಅವರು ಆಡಿಟ್‌ನವರಿಗಾಗಿ ಬ್ಯಾಂಕಿನ ಬಾಗಿಲು ತೆಗೆದು ಕೂತಿದ್ದರು. ಸಂಜೆ ಹೇಗೋ ಒಟ್ಟಾಗಿ ಚೇಳೂರಿನ ಕಡೆಗೆ ಹೊರಟೆವು. ಅಲ್ಲಿ ಭಾವನವರ ತುಂಬಿದ ಸಂಸಾರ. ಅತ್ತೆಯೂ ಅವರ ಜೊತೆಗೇ ಇದ್ದಾರೆ. ಭಾವನವರು ಟ್ರ್ಯಾಕ್ಟರು ಇಟ್ಟಿದ್ದರೂ ಒಂದು ಜೋಡಿ ಎತ್ತು ಬಿಟ್ಟಿಲ್ಲ. ಯಾಕೆ ಅಂದರೆ, "ಟ್ರ್ಯಾಕ್ಟರ್ ಜೊತೆ ಮಾತಾಡಕ್ಕಾಯ್ತದಾ?" ಎಂದು ನನ್ನನ್ನೇ ಬೈಯುತ್ತಾರೆ.

ಬೆಳಿಗ್ಗೆ ಭಾವನವರು ಡೈರಿಗೆ ಹಾಲು ಹಾಕಲು ಹೋಗಿದ್ದರು. ಅತ್ತೆ ದೇವರ ಮುಂದೆ ಕೂತಿದ್ದರು. ನನ್ನ ಗಂಡ ಜಗಲಿಯಲ್ಲಿ ಕಿವಿಗೆ ಬಿಳಿ ಬೆಂಡೋಲೆಯಂಥ ಆ ಇಯರ್‌ಬಡ್ಡು ಸಿಕ್ಕಿಸಿಕೊಂಡು, ರಜೆಯ ದಿನವೂ ಬಿಡದ ಮೇಲಿನವನ ಮೀಟಿಂಗು ಕೇಳುತ್ತಾ ಕೊಟ್ಟಿಗೆಯನ್ನೇ ನೋಡುತ್ತಿದ್ದರು. "ರಾಗಿ ಸಾಲಿಗೆ ಒಂದೆರಡು ಸುತ್ತು ಕುಂಟೆ ಹೊಡೀಲೇನೇ? ಕಾಲೇಜಲ್ಲಿದ್ದಾಗ ಹೊಡೀತಿದ್ದೆ" ಎಂದರು. ಎಷ್ಟೋ ಕಾಲದ ಮೇಲೆ ಆ ಬಾಯಲ್ಲಿ ಒಂದು ಆಸೆಯ ಮಾತು! ಹೋಗಿ, ಮನಸ್ಸಾದರೂ ಹಗುರಾಗಲಿ ಎಂದೆ. ಅಷ್ಟೇ ಅಲ್ಲ, ಹಗ್ಗ ಎತ್ತಿಕೊಟ್ಟೆ. ಮನೆ ಹಿಂದಿನ ಹೊಲದಲ್ಲಿ ಅವರು ಎತ್ತು ಹೂಡಿ ಸಾಲು ಹಿಡಿದಾಗ ವಿಡಿಯೋ ತೆಗೆದು, ಮಣ್ಣಿನ ಮಗ ಎಂದು ಬರೆದು ಸ್ಟೇಟಸ್ಸಿಗೂ ಹಾಕಿದೆ. ಕಿವಿಯ ಬೆಂಡೋಲೆ ಮಾತ್ರ ಅವರು ತೆಗೆದಿರಲಿಲ್ಲ.

ಒಂದು ಸಾಲು ಮುಗಿದಿರಬೇಕು. ಹಿಂದಿನಿಂದ ಅತ್ತೆಯ ಕೂಗು ಕೇಳಿತು. ನನ್ನ ಮದುವೆಯಾದಾಗಿನಿಂದ ಆ ಹೆಂಗಸು ಅಂಥ ದನಿ ತೆಗೆದದ್ದು ನಾನು ಕೇಳಿರಲಿಲ್ಲ.

"ಅಯ್ಯೋ ಶಿವನೇ! ಏನ್ಲಾ ಮಾಡ್ದೆ? ಬಿಚ್ಲಾ, ಮೊದ್ಲು ಬಿಚ್ಲಾ!"

ಪಕ್ಕದ ಹೊಲದವರು ಕುಡುಗೋಲು ಹಿಡಿದುಕೊಂಡೇ ನಿಂತುಬಿಟ್ಟರು. ಅದೇ ಹೊತ್ತಿಗೆ ಬಂದ ಭಾವನವರು ಹಾಲಿನ ಕ್ಯಾನು ಬಿಸಾಕಿ ಓಡಿ ಹೋದರು. ನನ್ನ ಗಂಡ ಮಾತ್ರ ಎಲ್ಲರ ಮುಖವನ್ನೂ ಮಿಕಿಮಿಕಿ ನೋಡುತ್ತಿದ್ದರು.

"ಇವತ್ತು ಯಾವ ವಾರ್ಲಾ?" ಅತ್ತೆ ಕೇಳಿದರು.

"ಭಾನುವಾರ" ಎಂದರು ಗಂಡ. ಸ್ವಲ್ಪವೂ ಅನುಮಾನವಿಲ್ಲದೆ. ಆಮೇಲೆ ನನ್ನ ಕಡೆ ತಿರುಗಿ, "ಅಲ್ವೇನೇ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

ಆಡಿಸಿದ ಮೇಲೆ ಅತ್ತೆಯ ಮುಖ ನೋಡಿದೆ. ಹಣೆ ತುಂಬ ಹಸಿ ವಿಭೂತಿ. ಸೋಮವಾರದ ಪೂಜೆ. ಆ ಪೂಜೆಗೆ ಬೆಳಿಗ್ಗೆ ಬಿಲ್ವಪತ್ರೆ ಬಿಡಿಸಿಕೊಟ್ಟವಳು ಬೇರೆ ಯಾರೂ ಅಲ್ಲ, ನಾನೇ. ಕೈ ಬಿಡಿಸಿತ್ತು, ತಲೆಗೆ ಹೋಗಿರಲಿಲ್ಲ. ಭಾನುವಾರವೆಲ್ಲ ದುಡಿದಿದ್ದ ನಮಗೆ ರಜೆ ಸಿಕ್ಕ ದಿನವೇ ಭಾನುವಾರವಾಗಿತ್ತು. ಊರಿಗೆಲ್ಲ ಬುದ್ಧಿ ಹೇಳುವವಳು, ಗಂಡನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳು! "ನೀನೂ ಹಿಂಗಾದ್ಯೇನೇ?" ಎಂದರು ಅತ್ತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ, ಹೆದರಿದ್ದರು. ವಾರವೇ ತಪ್ಪಿಹೋಗುವಷ್ಟು ದೂರ ನಾವಿಬ್ಬರೂ ಯಾವಾಗ ಬಂದೆವು?

ಭಾವನವರು ನೊಗ ಇಳಿಸಿ, ಎತ್ತುಗಳ ಹೆಗಲು ಸವರಿ, ತಮ್ಮನ ಹತ್ತಿರ ಬಂದರು. ಹೊಡೆದೇಬಿಡುತ್ತಾರೇನೋ ಎಂದುಕೊಂಡೆ, ಅವರ ಸಿಟ್ಟು ಅಂಥದ್ದು. "ಏನಾಯ್ತ್ಲಾ ನಿಂಗೆ?" ಎಂದರು ಅಷ್ಟೇ.

"ಗೊತ್ತಾಗ್ತಿಲ್ಲ ಕಣಣ್ಣ. ನಂಗೇನೂ ಗೊತ್ತಾಗ್ತಿಲ್ಲ."

ಹಾಗೆಂದವರು ಎಡಗಡೆಯ ಎತ್ತಿನ ಕತ್ತು ತಬ್ಬಿಕೊಂಡು ಅಳತೊಡಗಿದರು. ಬಿಕ್ಕಿಬಿಕ್ಕಿ, ಮಕ್ಕಳ ಹಾಗೆ. ಅಪ್ಪ ಸತ್ತಾಗಲೂ ಅತ್ತಿರದ ಮನುಷ್ಯ. ಪಾಪ, ಎತ್ತು ಅಲುಗಾಡದೆ ನಿಂತಿತ್ತು. ಕಿವಿಯಿಂದ ಜಾರಿ ಮಣ್ಣಿಗೆ ಬಿದ್ದ ಬೆಂಡೋಲೆಯೊಳಗೆ ಮೇಲಿನವನ ದನಿ ಇನ್ನೂ ಕೀಚಲಾಗಿ ಒದರುತ್ತಿತ್ತು. ನನಗೆ ಅದನ್ನು ತುಳಿದು ಹಾಕುವಷ್ಟು ಕೋಪ ಬಂತು.

ಅತ್ತೆ ಎತ್ತುಗಳಿಗೆ ಅಕ್ಕಿ ಬೆಲ್ಲ ತಿನ್ನಿಸಿ ಕಾಲು ಮುಟ್ಟಿ ತಪ್ಪಾಯಿತೆಂದು ಕೇಳಿಕೊಂಡರು. "ಮುಂದಿನ್ ಸೋಮವಾರ ದಾಟೋಗಂಟ ಇವಕ್ಕೆ ನೊಗ ಇಡಂಗಿಲ್ಲ" ಎಂದರು. ಮಗನ ಕಡೆ ನೋಡಿ, "ಹೂಡ್ದೋನ್ಗೂ ಅಷ್ಟೇಯ. ಅಲ್ಲೀಗಂಟ ಯಾವ ಕೆಲ್ಸಾನೂ ಮುಟ್ಟಂಗಿಲ್ಲ" ಎಂದು ಸೇರಿಸಿದರು. ಎತ್ತಿನ ಮಾತು ಹಳೆಯ ಕಟ್ಟಳೆಯೇ ಇರಬೇಕು. ಹೂಡಿದವನ ಮಾತು ಹಿರಿಯರದ್ದೋ, ಆ ಕ್ಷಣಕ್ಕೆ ಅತ್ತೆ ಹುಟ್ಟಿಸಿದ್ದೋ ನನಗೆ ಇವತ್ತಿಗೂ ತಿಳಿಯದು. ಭಾವನವರು ಮಾತ್ರ ಗಟ್ಟಿಯಾಗಿ ತಲೆಯಾಡಿಸಿ, "ಊಂ ಮತ್ತೆ, ಕಟ್ಟಳೆ ಕಟ್ಟಳೇನೇ ಬುಡು" ಎಂದರು.

ನಾನು ಮೊದಲು ಆ ಸ್ಟೇಟಸ್ಸು ಅಳಿಸಿದೆ. ಅಷ್ಟರಲ್ಲಿ ಗಂಡನ ಫೋನು ಹೊಡೆದುಕೊಂಡಿತು. ಮೀಟಿಂಗಿನ ನಡುವೆ ಉತ್ತರ ಕೊಡದೆ ಹೋದದ್ದಕ್ಕೆ ಮೇಲಿನವನು ನೇರವಾಗಿ ಕರೆ ಮಾಡಿದ್ದ. ಜಗಲಿಯಲ್ಲಿ ಕೂತಿದ್ದ ಗಂಡ ಫೋನು ಎತ್ತಿಕೊಂಡರು, ನೋಡಿದರು. ಈಗಲೂ ಹಲೋ ಅಂದುಬಿಟ್ಟರೆ ಇವರು ನನ್ನ ಕೈಗೆ ಸಿಗುವುದಿಲ್ಲ ಎಂದುಕೊಂಡೆ. ಅವರು ಫೋನನ್ನು ನನ್ನ ಕಡೆ ಚಾಚಿ, "ನೀನೇ ಹೇಳೇ, ನನ್ ಕೈಲಾಗಲ್ಲ" ಎಂದರು.

ತೆಗೆದುಕೊಂಡೆ. ಅವರು ನಾಳೆಯಿಂದ ಬರುವುದಿಲ್ಲ, ರಜೆ ಹಾಕುತ್ತಿದ್ದಾರೆ ಎಂದೆ.

ಮೇಲಿನವನು ದನಿ ತಗ್ಗಿಸಿ ಕೇಳಿದ: "ಯಾಕಮ್ಮ, ಯಾರಾದ್ರೂ ತೀರ್ಕೊಂಡ್ರಾ?"

"ಇನ್ನೂ ಇಲ್ಲ ಸಾರ್" ಎಂದೆ. "ಅದಕ್ಕೇ ರಜ ಹಾಕ್ತಿರೋದು."